ಥಿಯೊಡೋರ್ ಮೆಟೊಕೈಟಿಸ್ ಯಾರು? ಆತ ಏನೇನು ಬರೆದ?

ಥಿಯೊಡೋರ್ ಮೆಟೊಕೈಟಿಸ್ (1270–1332) ಬೈಜಾಂಟಿಯಂ (ಪೂರ್ವ ರೋಮನ್) ಸಾಮ್ರಾಜ್ಯದ ಕೊನೆಯ ಶತಮಾನಗಳ ಬಹುಮುಖ ವಿದ್ವಾಂಸ, ಮತ್ತು ಎರಡನೆಯ ಆಂಡ್ರೊನಿಕಸ್ ಚಕ್ರವರ್ತಿಯ ಪ್ರಧಾನ ಮಂತ್ರಿ. ಬೈಜಾಂಟಿಯಂನ ಆರ್ಥಡಾಕ್ಸ್ ಚರ್ಚು ರೋಮಿನ ಚರ್ಚಿನೊಡನೆ ಒಂದಾಗುವುದನ್ನು ಬೆಂಬಲಿಸಿದ್ದ ಅವನ ತಂದೆಯನ್ನು ಇದೇ ಚಕ್ರವರ್ತಿ ಶಿಕ್ಷಿಸಿದ್ದರೂ, 1290ರ ಸುಮಾರಿಗೆ ನೈಸಿಯ ನಗರದಲ್ಲಿ ಯುವಕನ ವಾಕ್ಪಟುತ್ವವನ್ನು ಮೆಚ್ಚಿ ಅವನನ್ನು ಆಸ್ಥಾನಕ್ಕೆ ಸೇರಿಸಿಕೊಂಡ. ಮುಂದೆ ಸೆರ್ಬಿಯದ ದೊರೆ ಮಿಲುಟಿನ್ ಜೊತೆ ಚಕ್ರವರ್ತಿಯ ಮಗಳು ಸಿಮೊನಿಸಳ ವಿವಾಹದ ಸಂಧಾನಕ್ಕೆ ರಾಯಭಾರಿಯಾಗಿ ಹೋದ. ವಧು ಐದಾರು ವರ್ಷದ ಮಗು ಎಂಬುದನ್ನು ಮರೆಯಲಾಗದು.

ಹಗಲು ರಾಜ್ಯಭಾರ, ರಾತ್ರಿ ಅಧ್ಯಯನ ಎಂಬಂತೆ ಆತ ಬದುಕಿದ್ದನ್ನು ಶಿಷ್ಯ ನಿಕೆಫೊರಸ್ ಗ್ರೆಗೊರಸ್ ದಾಖಲಿಸಿದ್ದಾನೆ. ಅರಿಸ್ಟಾಟಲನ ಪ್ರಕೃತಿಶಾಸ್ತ್ರ ಗ್ರಂಥಗಳಿಗೆ ವ್ಯಾಖ್ಯಾನ, ಟಾಲೆಮಿಯನ್ನು ಆಧರಿಸಿದ ಖಗೋಳಶಾಸ್ತ್ರದ ಪ್ರವೇಶಗ್ರಂಥ, ಇಪ್ಪತ್ತು ದೀರ್ಘ ಕವಿತೆಗಳು ಮತ್ತು 120 ಪ್ರಬಂಧಗಳ ಸಂಕಲನ ಅವನ ಮುಖ್ಯ ಕೃತಿಗಳು. ಅವನ ಗ್ರೀಕ್ ಗದ್ಯ ಬಹಳ ಕ್ಲಿಷ್ಟ; ಆದರೂ ಭಾಗ್ಯದ ಚಂಚಲತೆಯನ್ನೂ ಸಾಮ್ರಾಜ್ಯದ ಕುಸಿತವನ್ನೂ ಕುರಿತು ಚಿಂತಿಸುವ ಪ್ರಬಂಧಗಳೇ ನನ್ನ ದೃಷ್ಟಿಯಲ್ಲಿ ಅವನ ಶ್ರೇಷ್ಠ ಬರವಣಿಗೆ.

ಕಾನ್‌ಸ್ಟಾಂಟಿನೋಪಲ್‌ನ ಖೋರಾ ಮಠವನ್ನು ಸುಮಾರು 1315ರಿಂದ 1321ರವರೆಗೆ ಜೀರ್ಣೋದ್ಧಾರ ಮಾಡಿಸಿದವನೂ ಇವನೇ. ಅಲ್ಲಿಯ ಮೊಸಾಯಿಕ್ (ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ) ಒಂದರಲ್ಲಿ, ಪಟ್ಟೆಪಟ್ಟೆಯ ದೊಡ್ಡ ಪೇಟದಂಥ ಶಿರಸ್ತ್ರಾಣ ಧರಿಸಿ ಮಂಡಿಯೂರಿದ ಮೆಟೊಕೈಟಿಸ್, ಚರ್ಚಿನ ಪುಟ್ಟ ಪ್ರತಿಕೃತಿಯನ್ನು ಕ್ರಿಸ್ತನಿಗೆ ಅರ್ಪಿಸುತ್ತಿದ್ದಾನೆ. 1328ರಲ್ಲಿ ಚಕ್ರವರ್ತಿಯ ಮೊಮ್ಮಗ ಅಧಿಕಾರ ಕಸಿದುಕೊಂಡಾಗ ಮನೆ ಲೂಟಿಯಾಯಿತು, ಮಂತ್ರಿ ಗಡಿಪಾರಾದ. ಅಲ್ಲಿಂದಲೂ ತನ್ನ ಪುಸ್ತಕಗಳನ್ನು ಜೋಪಾನ ಮಾಡಿರೆಂದು ಖೋರಾದ ಸನ್ಯಾಸಿಗಳಿಗೆ ಬರೆದ. 1330ರಲ್ಲಿ ಅದೇ ಮಠಕ್ಕೆ ಮರಳಿ, ಥಿಯೊಲೆಪ್ಟಸ್ ಎಂಬ ಹೆಸರಿನ ಸನ್ಯಾಸಿಯಾಗಿ ಎರಡು ವರ್ಷಗಳ ಬಳಿಕ ತೀರಿಕೊಂಡ.