ನರ್ಸರಿ ವೆಬ್‌ಸೈಟಿನ ಎಸ್‌ಇಒಗೆ ತಿಂಗಳಿಗೆ 15,000 ಕೊಡಬೇಕಾ?

ಶಿರಸಿ ಕಡೆಯ ನರ್ಸರಿಯವರು ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸದ ಬಗ್ಗೆ ಕೇಳಿದ್ದಕ್ಕೆ ಉತ್ತರ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ ಮಾರುತ್ತಾರೆ, ವೆಬ್‌ಸೈಟ್ ಇದೆ, ಗೂಗಲ್‌ನಲ್ಲಿ ಹುಡುಕಿದರೆ ಕಾಣುವುದಿಲ್ಲ. ತಿಂಗಳಿಗೆ 15,000ದಂತೆ ಒಂದು ವರ್ಷದ ಕರಾರಾದರೆ ಮೊದಲ ಪುಟಕ್ಕೆ ತರುವ ಗ್ಯಾರಂಟಿ ಅಂತ ಏಜೆನ್ಸಿಯವರು ಹೇಳಿದ್ದಾರೆ. ಕೊಡಬಹುದಾ?

ಬೇಡ ಸರ್. ವರ್ಷಕ್ಕೆ 1.8 ಲಕ್ಷ ಆಯಿತು. ಒಂದು ಸಸಿಗೆ ಖರ್ಚು ಕಳೆದು 10 ರೂಪಾಯಿ ಉಳಿಯುತ್ತದೆ ಅಂದುಕೊಂಡರೂ ಈ ದುಡ್ಡು ಹುಟ್ಟಲು 18,000 ಸಸಿ ಹೆಚ್ಚಿಗೆ ಹೋಗಬೇಕು. 9 ಅಡಿ ಅಂತರದಲ್ಲಿ ಎಕರೆಗೆ 550 ಲೆಕ್ಕ ಹಿಡಿದರೆ 33 ಎಕರೆ ಹೊಸ ತೋಟ. ಇನ್ನು ಗ್ಯಾರಂಟಿ ವಿಷಯ: ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಅಂತ ಗೂಗಲ್ಲೇ ಬರೆದಿಟ್ಟಿದೆ. ಇಂಥವರು ಸಾಮಾನ್ಯವಾಗಿ ನಿಮ್ಮ ನರ್ಸರಿಯ ಹೆಸರನ್ನೇ ಟೈಪ್ ಮಾಡಿ "ನೋಡಿ, ಮೊದಲು ಬಂತು" ಅಂತ ತೋರಿಸುತ್ತಾರೆ. ಹೆಸರು ಗೊತ್ತಿದ್ದವನು ಹೇಗೂ ಹುಡುಕಿಕೊಂಡು ಬರುತ್ತಾನೆ. "ಮಂಗಳ ತಳಿ ಅಡಿಕೆ ಸಸಿ ಎಲ್ಲಿ ಸಿಗುತ್ತದೆ" ಅಂತ ಹುಡುಕುವವನಿಗೆ ಕಾಣಬೇಕು, ವಿಷಯ ಇರುವುದು ಅಲ್ಲಿ.

ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪಿನಲ್ಲಿ ಕಾಣುವ ನಿಮ್ಮ ನರ್ಸರಿಯ ವಿವರ) ಸರಿಮಾಡಿ. ಇದು ಪೂರ್ತಿ ಪುಕ್ಕಟೆ, ಒಂದು ಮಧ್ಯಾಹ್ನದ ಕೆಲಸ. ಮುಖ್ಯ ಕೆಟಗರಿ "ಪ್ಲಾಂಟ್ ನರ್ಸರಿ" ಇರಲಿ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲೆ ಇರುವ ಹೆಸರಷ್ಟೇ. "ಶಿರಸಿಯ ಅತ್ಯುತ್ತಮ ಅಡಿಕೆ ಸಸಿ ನರ್ಸರಿ" ಅಂತೆಲ್ಲ ತುರುಕಿದರೆ ಪ್ರೊಫೈಲ್ ಸಸ್ಪೆಂಡ್ ಆಗಬಹುದು, ಆಮೇಲೆ ಬಿಡಿಸಿಕೊಳ್ಳುವುದು ರಗಳೆ. ಮ್ಯಾಪಿನ ಪಿನ್ ಅನ್ನು ಸ್ಯಾಟಲೈಟ್ ನೋಟದಲ್ಲಿ ಹಿಗ್ಗಿಸಿ, ಸರಿಯಾಗಿ ಗೇಟಿನ ಮೇಲೆ ಕೂರಿಸಿ. ಹಳ್ಳಿ ವಿಳಾಸ ಕೊಟ್ಟರೆ ಅದು ಹೆಚ್ಚಾಗಿ ಊರಿನ ನಡುವೆಯೋ ಯಾವುದೋ ಗದ್ದೆಯಲ್ಲೋ ಹೋಗಿ ಕೂರುತ್ತದೆ, ಪಿಕಪ್ ತಂದವರು ಅಲ್ಲಿಂದ ಫೋನ್ ಮಾಡುತ್ತಾರೆ. ದೃಢೀಕರಣಕ್ಕೆ ವಿಡಿಯೋ ಕೇಳಿದರೆ ರಸ್ತೆ, ಬೋರ್ಡು, ಸಸಿ ಮಡಿ, ಗೇಟಿನ ಬೀಗ ನೀವೇ ತೆಗೆಯುವುದು, ಎಲ್ಲ ಒಂದೇ ಓಟದಲ್ಲಿ ಬರಬೇಕು, ನಡುವೆ ಕತ್ತರಿಸುವಂತಿಲ್ಲ. ನೆಟ್‌ವರ್ಕ್ ಚೆನ್ನಾಗಿರುವ ಹೊತ್ತು ನೋಡಿ ಮಾಡಿ.

ರಿವ್ಯೂ ಲಿಂಕನ್ನು ಸಸಿ ಕೊಂಡವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ರಿವ್ಯೂ ಬರೆದರೆ ಎರಡು ಸಸಿ ಪುಕ್ಕಟೆ ಅನ್ನುವಂತಿಲ್ಲ, ಅದು ನಿಯಮಕ್ಕೆ ವಿರುದ್ಧ.

ಆದರೆ ಮ್ಯಾಪಿಗೂ ಮಿತಿ ಇದೆ. ಹುಡುಕುವವನು ಎಲ್ಲಿದ್ದಾನೆ ಅನ್ನುವುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆಯಲ್ಲಿ ಕೂತು "ಹತ್ತಿರದ ನರ್ಸರಿ" ಅಂತ ಹುಡುಕಿದವನಿಗೆ ಶಿರಸಿಯದನ್ನು ತೋರಿಸುವುದು ಯಾವ ಏಜೆನ್ಸಿಯ ಕೈಯಲ್ಲೂ ಇಲ್ಲ. ಬಯಲುಸೀಮೆಯಲ್ಲಿ ಹೊಸ ತೋಟ ಹಾಕುವ ಅಂಥ ಗಿರಾಕಿಗಾಗಿಯೇ ವೆಬ್‌ಸೈಟ್ ಬೇಕಾಗುವುದು.

ಅದು ಯಾಕೆ ಕಾಣುತ್ತಿಲ್ಲ ನೋಡಿ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಅಂತ ಸೈಟಿನವರಿಗೆ ತೋರಿಸುವ ಗೂಗಲ್ ಸಾಧನ, ಇದೂ ಪುಕ್ಕಟೆ) ನಿಮ್ಮ ಸೈಟ್ ಸೇರಿಸಿ, ಮುಖಪುಟದ ವಿಳಾಸವನ್ನು ಮೇಲಿನ ಹುಡುಕುವ ಚೌಕದಲ್ಲಿ ಹಾಕಿದರೆ ಗೂಗಲ್ ಅದನ್ನು ತನ್ನ ಹುಡುಕಾಟದ ಪಟ್ಟಿಗೆ ಸೇರಿಸಿಕೊಂಡಿದೆಯೋ ಇಲ್ಲವೋ ಹೇಳುತ್ತದೆ. ಸೇರಿಸಿಕೊಂಡಿಲ್ಲ ಅಂದರೆ, ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಕಟ್ಟಿದ ಸೈಟಾಗಿದ್ದಲ್ಲಿ, ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಸರ್ಚ್ ಎಂಜಿನ್‌ಗಳನ್ನು ತಡೆಯುವ ಟಿಕ್ ಇದೆಯಾ ನೋಡಿ. ಸೈಟ್ ಕಟ್ಟುವಾಗ ಹಾಕಿದ್ದನ್ನು ತೆಗೆಯಲು ಮರೆಯುವುದು ಸರ್ವೇಸಾಮಾನ್ಯ. ಅದೊಂದು ಟಿಕ್ಕಿಗೆ ಎಷ್ಟು ಜನ ವರ್ಷಗಟ್ಟಲೆ ಕಾಯುತ್ತಾರೋ!

ಇನ್ನೊಂದು ನಮ್ಮ ಕನ್ನಡದ್ದೇ ತಾಪತ್ರಯ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನ್‌ಗಳೂ ಓದುವ ಅಕ್ಷರ ಸಂಕೇತ) ಅಲ್ಲದಿದ್ದರೆ ಕಣ್ಣಿಗೆ ಕನ್ನಡ ಕಂಡರೂ ಗೂಗಲ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಸರಿ, ಇಲ್ಲವಾದರೆ ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ಬದಲಿಸಿ. ತಳಿ, ದರ ಎಲ್ಲವನ್ನೂ ಬ್ಯಾನರ್ ಚಿತ್ರದೊಳಗೆ ಬರೆದಿದ್ದರೆ ಅದನ್ನೂ ಅಕ್ಷರವಾಗಿ ಹೊರಗೆ ಬರೆಯಿರಿ. ಫೋಟೋಗಳು ಫೋನಿನಿಂದ ಬಂದ ಹಾಗೇ 3-4 ಎಂಬಿ ಇದ್ದರೆ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿರುತ್ತಾನೆ. 1200 ಪಿಕ್ಸೆಲ್ ಅಗಲ, 200 ಕೆಬಿ ಒಳಗೆ ಸಾಕು.

ಆಮೇಲೆ ಬರವಣಿಗೆ, ಇದು ನಿಮ್ಮಿಂದಲೇ ಆಗಬೇಕು. "ನಮ್ಮ ಉತ್ಪನ್ನಗಳು" ಅಂತ ಒಂದೇ ಪುಟದಲ್ಲಿ ಎಲ್ಲ ಸುರಿಯಬೇಡಿ. ಅಡಿಕೆ ಸಸಿಗೆ ಒಂದು ಪುಟ, ಪಣಿಯೂರು-1 ಕಾಳುಮೆಣಸಿನ ತಳಿಗೆ ಒಂದು, ಪೊದೆ ಮೆಣಸಿಗೆ ಒಂದು. ಫೋನಿನಲ್ಲಿ ಜನ ಏನು ಕೇಳುತ್ತಾರೋ ಅದನ್ನೇ ಬರೆಯಿರಿ: ಸಸಿಗೆ ಎಷ್ಟು ತಿಂಗಳು, ಎಷ್ಟು ಎಲೆ (12-18 ತಿಂಗಳು, 5 ಎಲೆಗೆ ಕಡಿಮೆಯಿಲ್ಲ ಅಂತ ನಾಟಿಗೆ ಹೇಳುವ ಅಳತೆ), ತಾಯಿಮರ ಯಾವ ತೋಟದ್ದು, ಒಂದು ಪಿಕಪ್ಪಿಗೆ ಎಷ್ಟು ಹಿಡಿಸುತ್ತದೆ, ಮುಂಗಡ ಎಷ್ಟು, ಈಗ ಯಾವುದು ಸ್ಟಾಕ್ ಇಲ್ಲ. ಇವನ್ನು ಬೆಂಗಳೂರಿನಲ್ಲಿ ಕೂತ ಕಂಟೆಂಟ್ ಹುಡುಗ ಬರೆಯಲಾರ, "ಅಡಿಕೆ ಒಂದು ಪ್ರಮುಖ ವಾಣಿಜ್ಯ ಬೆಳೆ" ಅಂತ ಶುರುಮಾಡುತ್ತಾನೆ. ಜನ "ಅಡಿಕೆ ಸಸಿ" ಅನ್ನುವುದನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹೊಡೆಯುತ್ತಾರೆ, "ಅರೆಕಾನಟ್ ಪ್ಲಾಂಟ್ಸ್" ಅಂತಲೂ ಹುಡುಕುತ್ತಾರೆ. ಮೂರೂ ಪುಟದ ಶೀರ್ಷಿಕೆಯಲ್ಲೋ ಮೊದಲ ಪ್ಯಾರಾದಲ್ಲೋ ಒಂದೊಂದು ಸಲ ಬಂದರೆ ಸಾಕು, ಹತ್ತು ಸಲ ಬೇಡ. ನಾಟಿ ಜೂನಿನಲ್ಲಿ ಶುರು ಅಂದರೆ ಪುಟಗಳನ್ನು ಜನವರಿಯೊಳಗೆ ಸೈಟಿಗೆ ಹಾಕಿ ಆಗಿರಲಿ. ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ.

ಹಾಗಾದರೆ ವೃತ್ತಿಪರರು ಬೇಡವೇ ಬೇಡವಾ ಅಂದರೆ, ಕೆಲವು ಕಡೆ ಬೇಕು. ಸೈಟಿನ ವಿಳಾಸ ಬದಲಿಸುವಾಗ ಹಳೆಯ ಪ್ರತಿ ಪುಟದಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಕಾಯಂ ಆಗಿ ಹೊಸದಕ್ಕೆ ಕಳಿಸುವ ಏರ್ಪಾಡು) ಹಾಕಬೇಕು, ತಪ್ಪಿದರೆ ಗೂಗಲ್‌ನಲ್ಲಿ ಗಳಿಸಿದ ಸ್ಥಾನವೆಲ್ಲ ಹೋಗಬಹುದು. ಹುಡುಕಿದಾಗ ನಿಮ್ಮ ಸೈಟಿನ ಹೆಸರಲ್ಲಿ ಜಪಾನಿ ಅಕ್ಷರವೋ ಮಾತ್ರೆ ಜಾಹೀರಾತೋ ಕಂಡರೆ ಹ್ಯಾಕ್ ಆಗಿದೆ, ಅದನ್ನು ನೀವು ಕೆದಕಬೇಡಿ. ಮುಂದೆ ನೂರಾರು ಬಗೆಯ ಗಿಡ ಆನ್‌ಲೈನ್‌ನಲ್ಲೇ ಮಾರಿ ಕೊರಿಯರ್ ಮಾಡುವುದಾದರೆ ತಿಂಗಳ ಸಂಬಳವೂ ನ್ಯಾಯವೇ. ಈಗ ನಿಮಗೆ ಬೇಕಾದದ್ದು ಒಂದು ಸಲದ ತಪಾಸಣೆ: ಇಷ್ಟು ಕೆಲಸ, ಇಷ್ಟು ದುಡ್ಡು, ಮುಗಿಯಿತು.

ಕೆಲಸ ಬಲ್ಲವನು ಮೊದಲು ಯಾವ ತಿಂಗಳಲ್ಲಿ ಎಷ್ಟು ಸಸಿ ಹೋಗುತ್ತದೆ ಅಂತ ಕೇಳುತ್ತಾನೆ. "ತಿಂಗಳಿಗೆ 500 ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಕೊಡಿಸುವ ಲಿಂಕು), 30 ಲೇಖನ" ಅಂದವನನ್ನು ಅಲ್ಲೇ ಬಿಡಿ: ಕೊಂಡ ಲಿಂಕು ಗೂಗಲ್ ನಿಯಮಕ್ಕೆ ವಿರುದ್ಧ, ರ‍್ಯಾಂಕಿಂಗ್‌ಗಾಗಿ ರಾಶಿ ಹಾಕಿದ ಲೇಖನವೂ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಪಟ್ಟಿಯಲ್ಲಿದೆ. ಮೆಟಾ ಕೀವರ್ಡ್ (ಪುಟದ ಕೋಡಿನಲ್ಲಿ ಅಡಗಿಸಿಡುವ ಹುಡುಕು ಪದಗಳ ಪಟ್ಟಿ) ಅಂತ ಬಿಲ್ಲಿನಲ್ಲಿ ಕಂಡರೆ ನಕ್ಕುಬಿಡಿ. ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಯಾರಿಗೇ ಕೊಟ್ಟರೂ ಜಿಮೇಲ್ ಪಾಸ್‌ವರ್ಡ್ ಕೊಡಬೇಡಿ. ಬಿಸಿನೆಸ್ ಪ್ರೊಫೈಲ್‌ನಲ್ಲಿ ಮ್ಯಾನೇಜರ್ ಅಂತ ಸೇರಿಸಿ, ಓನರ್ ನೀವೇ ಇರಿ. ಡೊಮೇನ್ (ಸೈಟಿನ ವಿಳಾಸದ ಹೆಸರು) ಯಾರ ಇಮೇಲಿನಲ್ಲಿ ನೋಂದಣಿ ಆಗಿದೆ ಅಂತ ಇವತ್ತೇ ನೋಡಿ. ಸೈಟ್ ಮಾಡಿಕೊಟ್ಟವರ ಹೆಸರಲ್ಲಿದ್ದರೆ ಮುಂದಿನ ರಿನ್ಯೂವಲ್ ಬರುವ ಮೊದಲು ನಿಮ್ಮ ಖಾತೆಗೆ ವರ್ಗಾಯಿಸಿಕೊಳ್ಳಿ. ಅದಾದ ಮೇಲೆ ಆರ್ಡರ್ ಪುಸ್ತಕದಲ್ಲಿ "ಎಲ್ಲಿಂದ ತಿಳಿಯಿತು" ಅಂತ ಒಂದು ಕಾಲಂ ಎಳೆಯಿರಿ. ಸರ್ಚ್ ಕನ್ಸೋಲ್ ಕ್ಲಿಕ್ ತೋರಿಸುತ್ತದೆ, ಯಾರು ಸಸಿ ಒಯ್ದರು ಅಂತ ತೋರಿಸುವುದಿಲ್ಲ.