ಸೇಬಿನ ಎಳೆ ಗಿಡಕ್ಕೆ ದ್ರಾಕ್ಷಿ ಕಟಿಂಗ್ ಬೇಡ

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಕೆಂಪು ಮಣ್ಣಿನ ಜಮೀನು. ಹೋದ ವರ್ಷ ಜನವರಿಯಲ್ಲಿ ಎಚ್‌ಆರ್‌ಎಂಎನ್-99 ಮತ್ತು ಅನ್ನಾ ತಳಿಯ 24 ಸೇಬಿನ ಗಿಡ ನೆಟ್ಟೆವು. ಸೇಬು ನಮಗೆ ಹೊಸದು, ಊರಲ್ಲೂ ಯಾರೂ ಬೆಳೆದಿಲ್ಲ. ಪಕ್ಕದ ತೋಟದ ಯಜಮಾನರು 30 ವರ್ಷದಿಂದ ದ್ರಾಕ್ಷಿ ಬೆಳೆಯುತ್ತಿದ್ದಾರೆ. ‘ಎರಡೆರಡು ಕಣ್ಣು (ಚಿಗುರು ಒಡೆಯುವ ಮೊಗ್ಗು) ಬಿಟ್ಟು ಎಲ್ಲಾ ಕತ್ತರಿಸಿ, ನಾನೇ ಬಂದು ಕಟಿಂಗ್ ಮಾಡಿಕೊಡ್ತೀನಿ’ ಅನ್ನುತ್ತಾರೆ. ಎದುರು ಮನೆ ಅಜ್ಜಿ ‘ಎಳೇ ಗಿಡಕ್ಕೆ ಕತ್ತರಿ ಮುಟ್ಟಿಸಬೇಡಿ, ಗೊಬ್ಬರ ಹಾಕಿ ಸಾಕು’ ಅಂತ ದಿನಾ ಒಂದು ಬುಟ್ಟಿ ಸಗಣಿ ತಂದುಕೊಡುತ್ತಾರೆ. ಈಗ ಏಳೆಂಟು ಗಿಡ ಹೂ ಬಿಟ್ಟಿವೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರನ್ನೂ ಬಿಡಬೇಡಿ. ಅವರ ಕೈಗೆ ಯಾವ ಕೆಲಸ ಕೊಡಬೇಕು ಅನ್ನೋದು ಮಾತ್ರ ನಿಮಗೆ ಗೊತ್ತಿರಲಿ.

ಮೊದಲು ಹೂವಿನ ಮಾತು. ಈ ವರ್ಷದ ಹೂವನ್ನೆಲ್ಲಾ ಚಿವುಟಿಬಿಡಿ. ಮನಸ್ಸು ಬರಲ್ಲ, ಗೊತ್ತು. ನಾನೂ ಮೊದಲ ಸಲ ಆಸೆಗೆ ಬಿದ್ದು ಎಳೆ ಗಿಡದಲ್ಲಿ ಆರು ಕಾಯಿ ಉಳಿಸಿಕೊಂಡೆ. ಕಾಯಿ ದಪ್ಪ ಆದ ಹಾಗೆ ಕೊಂಬೆ ಬಾಗಿ ಬುಡದಲ್ಲೇ ಸೀಳಿತು. ಆ ಗಿಡ ಆ ವರ್ಷ ಒಂದು ಗೇಣೂ ಬೆಳೆಯಲಿಲ್ಲ. ಮೊದಲ ಎರಡು ವರ್ಷ ಗಿಡದ ಶಕ್ತಿ ಬೇರಿಗೆ, ಕೊಂಬೆಗೆ ಹೋಗಬೇಕು.

ಈಗ ಕಟಿಂಗ್. ದ್ರಾಕ್ಷಿ ಗೊನೆ ಬಿಡುವುದು ಹೊಸದಾಗಿ ಬರುವ ಚಿಗುರಿನಲ್ಲಿ. ಅದಕ್ಕೇ ಪ್ರತಿ ಸಲ ಬಿಗಿಯಾಗಿ ಕತ್ತರಿಸುತ್ತಾರೆ. ಸೇಬಿನದು ಬೇರೆ ಲೆಕ್ಕ. ಅದರ ಕಾಯಿ ಬಹುಪಾಲು ಬರುವುದು ಬಲಿತ ಕೊಂಬೆಯ ಮೇಲಿನ ಗಿಡ್ಡ ಗಿಡ್ಡ ಕಡ್ಡಿಗಳ ತುದಿಯಲ್ಲಿ. ಎರಡು ಕಣ್ಣಿಗೆ ಕತ್ತರಿಸಿದರೆ ನೀರು ಕುಡಿದ ಉದ್ದುದ್ದ ಚಿಗುರು ನೆಟ್ಟಗೆ ಏಳುತ್ತೆ, ಫಲ ಹಿಂದಕ್ಕೆ ಹೋಗುತ್ತೆ. ಆದರೆ ಕತ್ತರಿ ಹಿಡಿಯುವ ಕೈ ಅವರದ್ದೇ ಒಳ್ಳೆಯದು. ಯಾವ ಕಣ್ಣು ಹೊರಗೆ ಮುಖ ಮಾಡಿದೆ, ಅದರ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಹೇಗೆ ಕತ್ತರಿಸಬೇಕು ಅನ್ನೋದನ್ನು ಅವರಿಂದಲೇ ಕಲಿಯಿರಿ. ಈಗ ಚಿಗುರು, ಹೂ ಶುರುವಾಗಿದೆ. ಹಾಗಾಗಿ ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಕಸಿ ಗಂಟಿನ (ಕಸಿ ಕಟ್ಟಿದ ಜಾಗದ) ಕೆಳಗಿಂದ ಬಂದ ಚಿಗುರು, ಇಷ್ಟೇ ತೆಗೆಸಿ. ಸುತ್ತಲೂ ಹರಡಿದ ನಾಲ್ಕೈದು ಒಳ್ಳೆ ಕೊಂಬೆ ಉಳಿಯಲಿ.

ನೆಟ್ಟಗೆ ಏಳುವ ಕೊಂಬೆ ಕತ್ತರಿಸುವುದಕ್ಕಿಂತ ಬಗ್ಗಿಸುವುದು ಮೇಲು. ಹಳೇ ಬಟ್ಟೆಯಲ್ಲಿ ಸಣ್ಣ ಕಲ್ಲು ಕಟ್ಟಿ ಕೊಂಬೆಯ ನಡುವೆ ತೂಗುಬಿಡಿ. ತುದಿಗೆ ಕಟ್ಟಿದರೆ ಕೊಂಬೆ ಬಿಲ್ಲಿನ ಹಾಗೆ ಬಾಗುತ್ತೆ, ಅದು ಬೇಡ. ಕಾಂಡಕ್ಕೂ ಕೊಂಬೆಗೂ ನಡುವೆ ಸುಮಾರು 60 ಡಿಗ್ರಿ ಬಂದರೆ ಸಾಕು. ಹಾಗೆ ಬಗ್ಗಿದ ಕೊಂಬೆ ಬೇಗ ಹೂಮೊಗ್ಗು ಕಟ್ಟುತ್ತೆ, ಭಾರವನ್ನೂ ತಡೆಯುತ್ತೆ.

ಒಂದು ವಿಷಯದಲ್ಲಿ ಮಾತ್ರ ಯಜಮಾನರಿಗೆ ಖಡಾಖಂಡಿತ ಬೇಡ ಅನ್ನಿ. ಕಟಿಂಗ್ ಆದಮೇಲೆ ಕಣ್ಣು ಒಟ್ಟಿಗೆ ಒಡೆಯಲಿ ಅಂತ ದ್ರಾಕ್ಷಿಗೆ ಹಚ್ಚುವ ಹೈಡ್ರೋಜನ್ ಸಯನಮೈಡ್ ಅನ್ನುವ ರಾಸಾಯನಿಕ ನಿಮ್ಮ ಎಳೆ ಗಿಡಕ್ಕೆ ಬೇಕಿಲ್ಲ. ಅದು ಹಚ್ಚುವವರಿಗೂ ವಿಷ. ಚಳಿ ಕಡಿಮೆ ಇರುವ ಕಡೆ ಸೇಬಿನ ಎಲೆ ತಾನಾಗಿ ಪೂರ್ತಿ ಉದುರಲ್ಲ, ಹಾಗಾಗಿ ಹೂವೂ ಸರಿಯಾಗಿ ಬರಲ್ಲ, ನಿಜ. ಅದಕ್ಕೆ ಔಷಧಿಯೇ ಬೇಕಿಲ್ಲ. ಇಂಡೋನೇಷ್ಯಾದ ಪೂರ್ವ ಜಾವಾದಲ್ಲಿ, ಬಾಟು ಕಡೆ, ಕೊಯ್ಲಾದ ಮೇಲೆ ಎಲೆಯನ್ನೆಲ್ಲಾ ಕೈಯಲ್ಲೇ ಕಿತ್ತು ಗಿಡವನ್ನು ಮತ್ತೆ ಹೂವಿಗೆ ತರುತ್ತಾರೆ. ನೀವೂ ಗಿಡ ಬಲಿತ ಮೇಲೆ, ಮೂರನೇ ವರ್ಷದ ಚಳಿಗಾಲದಲ್ಲಿ ಹಾಗೆ ಮಾಡಿ. ಅಲ್ಲಿವರೆಗೆ ಎಲೆಗೆ ಕೈ ಹಾಕಬೇಡಿ.

ಅಜ್ಜಿಯ ಸಗಣಿ ಚಿನ್ನ, ಆದರೆ ಹಸಿಯಾಗಿ ಹಾಕಿದರೆ ಗೊಣ್ಣೆಹುಳ ಬರುತ್ತೆ, ಬೇರು ತಿನ್ನುತ್ತೆ. ತಿಪ್ಪೆಯಲ್ಲಿ ಚೆನ್ನಾಗಿ ಕೊಳೆತು, ಮಣ್ಣಿನ ವಾಸನೆ ಬಂದಮೇಲೆ ಬುಡದಿಂದ ಒಂದು ಅಡಿ ದೂರ ಸುತ್ತ ಹಾಕಿ. ಇವತ್ತೇ ಬುಡ ನೋಡಿ. ಕಸಿ ಗಂಟು ಮಣ್ಣಲ್ಲಿ ಮುಚ್ಚಿದ್ದರೆ ಬಿಡಿಸಿ. ಅದು ನೆಲದಿಂದ ನಾಲ್ಕು ಇಂಚಾದರೂ ಮೇಲಿರಬೇಕು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಕಾಂಡ ಕೊಳೆಯುತ್ತೆ. ಬೇಸಿಗೆಯ ಬಿಸಿಲಿಗೆ ತೊಗಟೆ ಬಿರಿಯದ ಹಾಗೆ ಕಾಂಡಕ್ಕೆ ಸುಣ್ಣ ಬಳಿಯಿರಿ.

ಕಣ್ಣಿಡಬೇಕಾದ ಇನ್ನೊಂದು, ಉಣ್ಣೆ ಹೇನು. ಕೊಂಬೆಯ ಸಂದಿನಲ್ಲಿ ಹತ್ತಿ ಅಂಟಿದ ಹಾಗೆ ಬೆಳ್ಳಗೆ ಕಾಣುತ್ತೆ. ಬೆರಳಲ್ಲಿ ಉಜ್ಜಿ, ಕೆಂಪು ರಸ ಅಂಟಿದರೆ ಅದೇ. ಶುರುವಿನಲ್ಲಾದರೆ ಹಳೇ ಬ್ರಷ್‌ನಲ್ಲಿ ಉಜ್ಜಿ ತೆಗೆದರೆ ಸಾಕು.

ಮುಂದಿನ ಜನವರಿಯಲ್ಲಿ ಎರಡು ಮೂರು ಡಾರ್ಸೆಟ್ ಗೋಲ್ಡನ್ ಗಿಡ ಸೇರಿಸಿ. ಅನ್ನಾ ಚೆನ್ನಾಗಿ ಕಾಯಿ ಕಚ್ಚಲು ಬೇರೆ ತಳಿಯ ಪರಾಗ ಬೇಕು. ಆ ಪರಾಗ ಹೊರುವುದು ಜೇನ್ನೊಣ ಅಲ್ವಾ? ಪಕ್ಕದಲ್ಲೇ ದ್ರಾಕ್ಷಿಗೆ ಔಷಧಿ ಹೊಡೆಯುತ್ತಾರೆ. ಹಾಗಾಗಿ ಫಲಕ್ಕೆ ಬಿಡುವ ವರ್ಷ, ಹೂ ಅರಳುವ ಮೊದಲೇ ಯಜಮಾನರ ಹತ್ತಿರ ಹೋಗಿ. ಆ ಎರಡು ಮೂರು ವಾರ ಕೀಟನಾಶಕ ಹೊಡೆಯುವುದಿದ್ದರೆ ಸಂಜೆ, ಜೇನು ಗೂಡು ಸೇರಿದ ಮೇಲೆ, ಗಾಳಿ ನಿಮ್ಮ ಕಡೆ ಬೀಸದಿರುವಾಗ ಹೊಡೆಯಿರಿ ಅಂತ ಕೇಳಿಕೊಳ್ಳಿ.