ಫ್ರೆಂಚ್ ಕ್ರಿಯಾಪದ: ಪುಸ್ತಕದಲ್ಲಿ ಎರಡು ಸಿಲಬಲ್, ಬಾಯಲ್ಲಿ ಒಂದೇ ಯಾಕೆ?

ಫ್ರೆಂಚಿನಲ್ಲಿ 'ಅವರು ಮಾತಾಡುತ್ತಾರೆ' ಅನ್ನೋ ರೂಪವನ್ನು ಪುಸ್ತಕದಲ್ಲಿ 'ಪಾರ್-ಲೆಂಟ್' ಅಂತ ಎರಡಾಗಿ ಒಡೆದಿದ್ದಾರೆ, ಆಡಿಯೋದಲ್ಲಿ ಮಾತ್ರ 'ಪಾರ್ಲ್' ಅಂತ ಒಂದೇ ಸಿಲಬಲ್ ಕೇಳಿಸುತ್ತದೆ, ಯಾವುದು ಸರಿ ಅಂತ ಕೇಳಿದ್ದೀರಿ.

ಎರಡೂ ಸರಿ. ಪುಸ್ತಕದ ಲೆಕ್ಕ ಇರೋದು ಸಾಲಿನ ಕೊನೆಯಲ್ಲಿ ಪದ ಮುರಿಯೋದಕ್ಕೆ. ಮಾತಾಡುವಾಗ ಅದನ್ನು ಮರೆತುಬಿಡಿ. ಬಹುವಚನದ ಕೊನೆಯ ಇ, ಎನ್, ಟಿ ಮೂರೂ ಮೂಕಾಕ್ಷರ. ನಾನು, ನೀನು, ಅವನು, ಅವರು ಎಲ್ಲಕ್ಕೂ ಬಾಯಲ್ಲಿ 'ಪಾರ್ಲ್' ಒಂದೇ. 'ನಾವು' ಬಂದಾಗ 'ಪಾರ್ಲೋಂ', 'ನೀವು' ಬಂದಾಗ 'ಪಾರ್ಲೇ'. ಪುಸ್ತಕದವರು ಆರು ಸಾಲಿನ ಪಟ್ಟಿ ಕೊಟ್ಟು ಸುಮ್ನೆ ಹೆದರಿಸುತ್ತಾರೆ, ಕಿವಿಗೆ ಬೀಳೋದು ಮೂರೇ.

ನಾನು ಹೇಳಿಕೊಡುವಾಗ ಜಾಸ್ತಿ ತಿದ್ದೋದು ಇನ್ನೊಂದನ್ನು. ನಾವು ಕನ್ನಡದವರು ಬಸ್ಸು, ಕಾರು ಅನ್ನೋ ಹಾಗೆ 'ಪಾರ್ಲು' ಅಂದುಬಿಡುತ್ತೇವೆ. ಆ 'ಉ' ಬೇಡ. (ದಕ್ಷಿಣ ಫ್ರಾನ್ಸಿನವರ ಬಾಯಲ್ಲಿ ಕೊನೆಗೊಂದು ಸಣ್ಣ ಸ್ವರ ಕೇಳಿಸೋದುಂಟು, ಆದರೆ ಅದು ನಮ್ಮ 'ಉ' ಅಲ್ಲ.)

ಮೂಕಾಕ್ಷರಗಳಿಂದ ಉಪಯೋಗವೇ ಇಲ್ಲ ಅಂದುಕೊಳ್ಳಬೇಡಿ. ಅವು ಹಿಂದಿನ ವ್ಯಂಜನವನ್ನು ಎಬ್ಬಿಸುತ್ತವೆ. 'ಅವನು ಮಾರುತ್ತಾನೆ' ಅನ್ನೋದಕ್ಕೆ ಮೂಗಿನಲ್ಲಿ 'ವಾಂ', ಬರೆದ ಡಿ ಕೇಳಿಸಲ್ಲ. 'ಅವರು ಮಾರುತ್ತಾರೆ' ಅಂದಾಗ 'ವಾಂದ್'. 'ಮುಗಿಸುತ್ತಾನೆ' ಅಂದರೆ 'ಫಿನಿ', 'ಮುಗಿಸುತ್ತಾರೆ' ಅಂದರೆ 'ಫಿನಿಸ್'. ಏಕವಚನವೋ ಬಹುವಚನವೋ ಅಂತ ಗೊತ್ತಾಗೋದು ಆ ಕೊನೆಯ ಸದ್ದಿನಿಂದಲೇ.

ನಡುವಿನ ಇ ಕೂಡ ಜಾರಿಹೋಗುತ್ತದೆ. 'ನಾವು ಕರೆಯುತ್ತೇವೆ' ಬರವಣಿಗೆಯಲ್ಲಿ ಮೂರು ತುಂಡು, ಮಾತಿನಲ್ಲಿ 'ಆಪ್-ಲೋಂ'. 'ನಾವು ತಿನ್ನುತ್ತೇವೆ' ಅನ್ನೋದರಲ್ಲಿ ಜಿ ಮತ್ತು ಓ ನಡುವೆ ಒಂದು ಇ ಇದೆ. ಅದು ಜಿ ಅಕ್ಷರ 'ಗ' ಆಗದಂತೆ ತಡೆಯೋದಕ್ಕೆ ಮಾತ್ರ. ಓದೋದು 'ಮಾಂ-ಜೋಂ'.

ಇನ್ನು ಸ್ವರದಿಂದ ಶುರುವಾಗುವ ಕ್ರಿಯಾಪದ. ಆಗ ಸಿಲಬಲ್ಲು ಪದದ ಗಡಿಯನ್ನೇ ದಾಟುತ್ತದೆ. 'ಅವನು ಪ್ರೀತಿಸುತ್ತಾನೆ' ಅಂದರೆ 'ಇ-ಲೆಮ್', 'ಅವರು ಪ್ರೀತಿಸುತ್ತಾರೆ' ಅಂದರೆ 'ಇಲ್-ಜ಼ೆಮ್'. ಎರಡಕ್ಕೂ ವ್ಯತ್ಯಾಸ ಆ 'ಜ಼' ಒಂದೇ, ಅದು ಬಂದಿರೋದೂ ಸರ್ವನಾಮದ ಕೊನೆಯ ಎಸ್‌ನಿಂದ. ಕ್ರಿಯಾಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ, ಸರ್ವನಾಮ ಸೇರಿಸಿಯೇ ಹೇಳಿ ಅನ್ನೋದು ಅದಕ್ಕೇ.

ಹಾಗಂತ ಕಂಡ ಕಂಡ ಇ-ಎನ್-ಟಿಯನ್ನೆಲ್ಲ ನುಂಗಬೇಡಿ. 'ಅವನು ಬರುತ್ತಾನೆ' ಅನ್ನೋದೂ ಹಾಗೇ ಮುಗಿಯುತ್ತದೆ, ಆದರೆ ಅದು ಏಕವಚನ. ಅಲ್ಲಿ ಟಿ ಮಾತ್ರ ಮೂಕ, ಮೂಗಿನ ಸ್ವರ ಉಳಿಯುತ್ತದೆ: 'ವ್ಯಾಂ'. ಬಹುವಚನ 'ವ್ಯೆನ್'.